ಹಗಲು ಎಳೆದ ಪರದೆ

ಒಲೆಯೊಳಗಿಟ್ಟು ಸುಡುವ ಕಡುಬಿನ ಹಿಟ್ಟಿಗೆ ಕೊಬ್ಬನ್ನು ಬೆರಳ ತುದಿಯಲ್ಲಿ ತಿಕ್ಕಿ ತಿಕ್ಕಿ ರವೆಯಂತೆ ಮಾಡುತ್ತಿದ್ದ ಮ್ಯೂರಿಯಲ್‌ಗೆ ಮುಂಬಾಗಿಲು ತಟ್ಟಿದ ಸದ್ದು ಕೇಳಿದಾಗ, ಅದು ಬೇರೆ ಯಾರದೋ ಮನೆಯ ಬಾಗಿಲಿರಬೇಕೆಂದು ಮೊದಲು ಅನಿಸಿತು. ಆಲ್ಮಾ ಬೀದಿಯಲ್ಲಿ ಯಾರೂ ಮುಂಬಾಗಿಲು ತಟ್ಟುವುದಿಲ್ಲ. ಒಂದು ಬಟ್ಟಲು ಸಕ್ಕರೆ ಬೇಕಾದವರು, ಸುದ್ದಿ ಹೊತ್ತವರು, ಜಗಳಕ್ಕೆ ಬಂದವರು ಎಲ್ಲರೂ ಹಿತ್ತಲ ಬಾಗಿಲಿನಿಂದಲೇ, ತಟ್ಟದೆ, ಹೆಸರು ಕೂಗುತ್ತ ಒಳಗೆ ಬರುತ್ತಾರೆ. ಮುಂಬಾಗಿಲು ಇರುವುದು ಡಾಕ್ಟರಿಗೆ, ಪಾದ್ರಿಗೆ, ಶವಪೆಟ್ಟಿಗೆಗೆ. ಬೆಳಗಿನಿಂದ ಅವಳು ಕಾಯುತ್ತಲೇ ಇದ್ದಳು, ಯಾರಾದರೂ ಬಂದು ನಿನ್ನೆಯ ಮಾತು ತೆಗೆಯುತ್ತಾರೆಂದು. ಆದರೆ ಕಾದದ್ದು ಹಿತ್ತಲ ಕಡೆಗೆ. ಹಿತ್ತಲಿಂದ ಬಂದವರಿಗೆ ಕೊಡಬೇಕಾದ ಉತ್ತರ ಹಿಟ್ಟು ಜರಡಿ ಹಿಡಿಯುವಾಗಲೇ ಸಿದ್ಧವಾಗಿತ್ತು. ಟಿವಿಯವರಿಗೇನು, ಮನಸ್ಸಿಗೆ ಬಂದದ್ದು ತೋರಿಸ್ತಾರೆ. ಮುಂಬಾಗಿಲಿಂದ ಬಂದವರಿಗೆ ಅವಳ ಬಳಿ ಉತ್ತರವಿರಲಿಲ್ಲ. ಹಿಟ್ಟಿನ ಕೈಯಲ್ಲೇ ಹೋಗಿ, ಮೊಣಕೈಯಿಂದ ಚಿಲಕ ಸರಿಸಿದಳು.

ಪಕ್ಕದ ಮನೆಯ ನೆಲ್ಲಿ ಎಂಟ್‌ವಿಸಲ್ ನಿಂತಿದ್ದಳು. ನುಸಿಗುಳಿಗೆಯ ವಾಸನೆಯ ಕಪ್ಪು ಕೋಟು, ತಲೆಗೆ ಇಗರ್ಜಿಗೆ ಹೋಗುವಾಗಿನ ಟೋಪಿ, ಕೈಯಲ್ಲಿ ಬಿಳಿ ಬಟ್ಟೆ ಮುಚ್ಚಿದ ತಟ್ಟೆ. ತಟ್ಟೆಯಲ್ಲಿ ಏನಿದೆ ಎಂದು ಬಟ್ಟೆ ಎತ್ತದೆಯೇ ಗೊತ್ತಾಯಿತು: ಬೇಯಿಸಿ ತಣಿಸಿದ ಹಂದಿಮಾಂಸದ ತೆಳು ಹೋಳುಗಳು. ಈ ಬೀದಿಯಿಂದ ಸಾವಿನ ಮನೆಗೆ ಹೋಗುವುದು ಅದೇ.

"ಪರದೆ ನೋಡಿದೆ ಕಣೇ," ಎಂದಳು ನೆಲ್ಲಿ, ಇಗರ್ಜಿಯ ದನಿಯಲ್ಲಿ. "ಇಷ್ಟು ಹೊತ್ತಾದ್ರೂ ತೆಗೀಲಿಲ್ಲ. ನಮ್ಮನೆಯವರು ಹೆರಾಲ್ಡೇ ಅಂದ್ರು, ಹೋಗಿ ಬಾ ನೆಲ್ಲಿ, ಆ ಮನೇಲಿ ಯಾರೋ ಹೋಗಿದಾರೆ ಅಂತ. ನಿನ್ನ ಗಂಡ ಕ್ಲಿಫರ್ಡ್ ಸೈಕಲ್ ಹತ್ತಿ ಕೆಲಸಕ್ಕೆ ಹೋದದ್ದನ್ನ ನಾನೇ ಕಂಡೆ. ಮತ್ತೆ..." ಅವಳ ಕಣ್ಣು ಮೆಟ್ಟಿಲ ಕಡೆ ಹೋಯಿತು. "ಮಗು ಅಲ್ಲ ತಾನೇ?"

"ಅಯ್ಯೋ ಇಲ್ಲ. ಲಿಂಡ್ಸಿ ಮೇಲಿದಾಳೆ. ಹೊಟ್ಟೆನೋವು ಅಂತ ಸ್ಕೂಲಿಗೆ ಕಳಿಸಲಿಲ್ಲ, ಅಷ್ಟೆ."

"ಸದ್ಯ." ನೆಲ್ಲಿ ಉಸಿರು ಬಿಟ್ಟಳು. ಆಮೇಲೆ ದನಿ ಇನ್ನೂ ತಗ್ಗಿಸಿ ಕೇಳಿದಳು: "ಹಾಗಾದ್ರೆ ನಮ್ಮ ವಿಲ್ಫಾ?"

ನಮ್ಮ ವಿಲ್ಫ್. ಮ್ಯೂರಿಯಲ್‌ಳ ಅಣ್ಣನ ಹೆಸರನ್ನು ಈ ಬೀದಿಯಲ್ಲಿ ಯಾರೂ ಹೀಗೆ ಹೇಳಿ ಎಷ್ಟೋ ಕಾಲವಾಗಿತ್ತು. ಏನೂ ಇಲ್ಲ ನೆಲ್ಲಿ, ಪರದೆ ತೆಗೆಯಲು ಮರೆತೆ, ಎಂದರೆ ಮುಗಿಯುತ್ತಿತ್ತು. ಆದರೆ ಪರದೆ ತೆಗೆಯಲು ಯಾರು ಮರೆಯುತ್ತಾರೆ? ಬೆಳಿಗ್ಗೆ ಏಳಕ್ಕೆ ಅದನ್ನು ತೆಗೆಯಲೆಂದು ಕೈ ಎತ್ತಿದ್ದವಳು, ಹಾಲಿನವನೂ ಎದುರು ಮನೆಯ ಡಾಟ್ ಗ್ರೀನ್‌ಹಾಲ್ಷಳೂ ತನ್ನ ಕಿಟಕಿಯನ್ನೇ ನೋಡುತ್ತ ಏನೋ ಹೇಳಿಕೊಂಡು ನಗುವುದನ್ನು ಸಂದಿಯಿಂದ ಕಂಡು ಕೈ ಇಳಿಸಿದ್ದಳು. ಯಾರೂ ಸತ್ತಿಲ್ಲ ಎಂದರೆ ಮುಂದಿನ ಪ್ರಶ್ನೆ ಮತ್ಯಾಕೆ ಎಂಬುದು. ಅದಕ್ಕೆ ಉತ್ತರ ನಾಚಿಕೆ. ಬೆಳಕು ಹರಿದ ಮೇಲೂ ಪರದೆ ಎಳೆದಿಟ್ಟುಕೊಳ್ಳಲು ಈ ಬೀದಿ ಒಪ್ಪುವ ಕಾರಣ ಸಾವು ಒಂದೇ. ಮ್ಯೂರಿಯಲ್ ಬಾಯಿ ತೆರೆದಳು, ರಾತ್ರಿಯಿಡೀ ಬರದಿದ್ದ ಅಳು ಆಗ ಬಂತು. ಅವಳು ತಲೆಯಾಡಿಸಲಿಲ್ಲ, ಆಡಿಸಲಿಲ್ಲವೆಂದು ಆಮೇಲೆ ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡಳು. ಅತ್ತಳು, ಅಷ್ಟೆ. ನೆಲ್ಲಿ ತಟ್ಟೆಯನ್ನು ಬಾಗಿಲ ಪಕ್ಕದ ಗೂಡಿನಲ್ಲಿಟ್ಟು ಅವಳನ್ನು ತಬ್ಬಿಕೊಂಡಳು, ಕಪ್ಪು ಕೋಟಿನ ಬೆನ್ನ ಮೇಲೆ ಹಿಟ್ಟಿನ ಎರಡು ಬಿಳಿ ಹಸ್ತಗಳು ಮೂಡಿದವು.

"ಅಳು ಕಣೇ, ಅಳು. ನಿನ್ನೆ ತಾನೇ ಟಿವಿಯಲ್ಲಿ ಅಷ್ಟು ಚೆನ್ನಾಗಿ ಮಾತಾಡ್ತಿದ್ದ. ಅದೆಲ್ಲ ತಿಂಗಳುಗಟ್ಟಲೆ ಮೊದಲೇ ತೆಗೆದಿಟ್ಟಿರ್ತಾರಂತಲ್ಲ, ಆಗಲೇ ಏನು ಕಾಯಿಲೆ ಇತ್ತೋ ಪಾಪ. ನನ್ನ ಮದುವೆ ದಿನ ಕೂದಲು ಸುರುಳಿ ಮಾಡಿದ್ದು ಅವನೇ, ಗೊತ್ತಾ ನಿನಗೆ? ನೀನು ಕೈಗೂಸು. ಸುರುಳಿ ಮಾಡೋ ಕಬ್ಬಿಣ ಎಷ್ಟು ಬಿಸಿಯಿರಬೇಕು ಅಂತ ಅವನಷ್ಟು ಯಾರಿಗೂ ತಿಳೀತಿರಲಿಲ್ಲ. ನಮ್ಮಮ್ಮ ಅಂದಿದ್ಲು, ಈ ಹುಡುಗನ ಕೈ ದೇವರು ಬೇರೆಯವರಿಗೆ ಅಂತ ಮಾಡಿದ್ದು, ತಪ್ಪಿ ಇವನಿಗೆ ಕೊಟ್ಟುಬಿಟ್ಟ ಅಂತ."

ನೆಲ್ಲಿ ಮೆಲ್ಲಗೆ ನಕ್ಕಳು. ಆ ನಗುವನ್ನು ಮ್ಯೂರಿಯಲ್ ನಿನ್ನೆಯೂ ಕೇಳಿದ್ದಳು, ಗೋಡೆಯ ಆಚೆಯಿಂದ. ಎರಡು ಮನೆಗೂ ಇರುವುದು ಒಂದಿಟ್ಟಿಗೆಯ ಗೋಡೆ. ನಿನ್ನೆ ಟಿವಿಯಲ್ಲಿ ಬಂದದ್ದು ವಿಲ್ಫ್‌ನ ಬದುಕಿನ ಚಿತ್ರ. ಇಲ್ಲಿ ಟಿವಿಯಲ್ಲಿ ಬಂದ ಮಾತು ಅಲ್ಲಿಂದಲೂ ಬರುತ್ತಿತ್ತು, ಇಡೀ ಬೀದಿ ಒಂದೇ ಕೋಣೆಯಾದಂತೆ. ವಿಲ್ಫ್‌ನ ಪಾತ್ರದ ನಟ ಕತ್ತಿಗೆ ರೇಷ್ಮೆ ವಸ್ತ್ರ ಸುತ್ತಿ, ತುಟಿಗೆ ಬಣ್ಣ ಹಚ್ಚಿ, ಲಂಡನ್ನಿನ ಬೀದಿಯಲ್ಲಿ ನಡೆದಾಗ ಗೋಡೆ ನಕ್ಕಿತು. ಅವನನ್ನು ಮೂವರು ಓಣಿಗೆ ಎಳೆದು ಹೊಡೆದಾಗ ಗೋಡೆ ಸುಮ್ಮನಿತ್ತು. ನಾಟಕದವರಿಗೆ ಕೂದಲ ಟೋಪಿ ಹೆಣೆಯುವ ಕೆಲಸದಿಂದ ಅವನನ್ನು ತೆಗೆದಾಗ, ಪೊಲೀಸರು ಹಿಡಿದೊಯ್ದ ಅವನು ಕೋರ್ಟಿನಲ್ಲಿ ನಿಂತು, ನಾನು ಗಂಡಸರನ್ನು ಪ್ರೀತಿಸುವವನು ಹೌದು, ಅದನ್ನು ಮುಚ್ಚಿಟ್ಟು ಬದುಕಲು ನನಗೆ ಬರುವುದಿಲ್ಲ, ಎಂದಾಗ ಆಚೆ ಕಡೆ ಯಾರೋ ಕೆಮ್ಮಿದರು. ಕ್ಲಿಫರ್ಡ್ ತನ್ನ ಬೂಟನ್ನೇ ನೋಡುತ್ತ ಕೂತಿದ್ದ. ಮೆಟ್ಟಿಲ ಕಂಬಿಗಳ ನಡುವೆ ಲಿಂಡ್ಸಿಯ ಎರಡು ಮೊಣಕಾಲು ಕಾಣುತ್ತಿದ್ದವು. ಹೋಗಿ ಮಲಗು ಎನ್ನಬೇಕಿತ್ತು. ಅನ್ನಲಿಲ್ಲ. ಮಗಳು ಮಾಮನನ್ನು ನೋಡಲಿ ಎಂದು ತಾನು ಬಯಸಿದೆನೋ, ಅಥವಾ ಎದ್ದರೆ ಮುಂದಿನ ದೃಶ್ಯ ತಪ್ಪುತ್ತದೆಂದು ಕೂತೆನೋ, ಅವಳಿಗೆ ತಿಳಿಯಲಿಲ್ಲ. ಮುಂದಿನ ದೃಶ್ಯದಲ್ಲಿ ಅವಳೇ ಇದ್ದಳು.

ನೆಲ್ಲಿ ಹೋದಮೇಲೆ ಮ್ಯೂರಿಯಲ್ ಹಿಟ್ಟಿಗೆ ಮರಳಿದಳು. ಲಿಂಡ್ಸಿ ಮೆಟ್ಟಿಲ ಕೊನೆಗೆ ಬಂದು ನಿಂತಿದ್ದಳು, ರಾತ್ರಿಯ ಉಡುಪಿನಲ್ಲೇ, ಬರಿಗಾಲಿನಲ್ಲಿ.

"ಅಮ್ಮ, ನೆಲ್ಲಿ ಆಂಟಿ ಯಾಕೆ ಮುಂದಿನಿಂದ ಬಂದ್ರು?"

"ಸುಮ್ಮನೆ. ನೆಲ ತಣ್ಣಗಿದೆ, ಚಪ್ಪಲಿ ಹಾಕ್ಕೋ."

ಮಗು ಅಲುಗಲಿಲ್ಲ. ಅವಳ ತುಟಿಯ ಮೇಲೆ ಇನ್ನೊಂದು ಪ್ರಶ್ನೆ ಬಂದು ನಿಂತದ್ದೂ, ತಾಯಿಯ ಮುಖ ನೋಡಿ ಅದು ಹಿಂದಕ್ಕೆ ಹೋದದ್ದೂ ಮ್ಯೂರಿಯಲ್‌ಗೆ ಕಂಡಿತು. ಬದಲಿಗೆ ಬಂದದ್ದು ಬೇರೆ. "ಯಾರಾದ್ರೂ ಕೇಳಿದ್ರೆ ಹೊಟ್ಟೆ ಯಾವ ಕಡೆ ನೋವು ಅಂತ ಹೇಳ್ಲಿ? ಎಡಗಡೆನಾ, ಬಲಗಡೆನಾ?"

"ನಡುವೆ," ಎಂದಳು ಮ್ಯೂರಿಯಲ್. ಆಮೇಲೆ ಮಗುವನ್ನು ಎಳೆದು, ಹಿಟ್ಟಿನ ಕೈ ತಾಗದಂತೆ ಮೊಣಕೈಗಳ ನಡುವೆ ಅವಳ ತಲೆಯನ್ನು ಹಿಡಿದು, ನೆತ್ತಿಯ ಮೇಲೆ ಮೂಗಿಟ್ಟಳು. ಎಂಟು ವರ್ಷದ ನೆತ್ತಿ ಇನ್ನೂ ಬ್ರೆಡ್ಡಿನ ವಾಸನೆ ಬೀರುತ್ತಿತ್ತು.

ಮ್ಯೂರಿಯಲ್‌ಳ ಪಾತ್ರಕ್ಕೆ ಟಿವಿಯವರು ಆರಿಸಿದ ನಟಿ ತೆಳ್ಳಗಿದ್ದಳು, ಹಸಿರು ಏಪ್ರನ್ ಕಟ್ಟಿದ್ದಳು, ಕ್ರೂರವಾದ ಸುಂದರ ಬಾಯಿಯಿತ್ತು ಅವಳಿಗೆ. ತಾಯಿಯ ಮಣ್ಣಿನ ದಿನ ಅಣ್ಣ ಪ್ರಯಾಣದ ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಲ್ಲುತ್ತಾನೆ. ಬೀದಿಯ ಎರಡೂ ಬದಿ ಕಿಟಕಿಗಳಲ್ಲಿ ಮುಖಗಳು, ಇಣುಕುವ ಮುದುಕಿಯರು, ಬಾಯಿಗೆ ಕೈ ಇಟ್ಟುಕೊಂಡ ಹೆಂಗಸರು. ತಂಗಿ ಆ ಮುಖಗಳನ್ನೆಲ್ಲ ನೋಡುತ್ತಾಳೆ, ನಡುಗುತ್ತಾಳೆ, 'ನಾವು ಇಲ್ಲಿ ಬದುಕಬೇಕು' ಎಂದು ಬಾಗಿಲು ಹಾಕುತ್ತಾಳೆ. ನೋಡುವವರಿಗೆ ಅವಳ ಮೇಲೆ ಸಿಟ್ಟು ಬರುತ್ತದೆ, ಅದರ ಬೆನ್ನಿಗೇ ಒಂದಿಷ್ಟು ಕನಿಕರವೂ. ಪಾಪ, ಅಷ್ಟು ಕಣ್ಣುಗಳ ನಡುವೆ ಆಕೆಯಾದರೂ ಏನು ಮಾಡಿಯಾಳು?

ಲಂಡನ್ನಿನವರಿಗೆ ಗೊತ್ತಿರಲಿಲ್ಲ. ಮಣ್ಣಿನ ದಿನ ಈ ಬೀದಿಯಲ್ಲಿ ಒಂದು ಮುಖವೂ ಕಿಟಕಿಯಲ್ಲಿರುವುದಿಲ್ಲ. ಶವ ಹೊರಟು, ಜನ ಹಿಂತಿರುಗಿ, ಚಹಾ ಮುಗಿಯುವವರೆಗೂ ಮೂಲೆಯ ಅಂಗಡಿಯಿಂದ ರೈಲ್ವೆ ಗೋಡೆಯವರೆಗೆ ಎಲ್ಲ ಮನೆಯ ಪರದೆಗಳೂ ಎಳೆದಿರುತ್ತವೆ. ಅಂದೂ ಎಳೆದಿದ್ದವು. ಇಗರ್ಜಿಯಲ್ಲಿ ಹಿಂದಿನ ಸಾಲಿನಲ್ಲಿ ಯಾರ ಕಣ್ಣಿಗೂ ಬೀಳದೆ ಕೂತಿದ್ದು ಬಂದ ವಿಲ್ಫ್, ಬೀದಿಯ ಉದ್ದಕ್ಕೂ ಕಣ್ಣು ಮುಚ್ಚಿದ ಮನೆಗಳ ನಡುವೆ ಒಬ್ಬನೇ ನಡೆದುಬಂದಿದ್ದ. ಯಾರೂ ನೋಡಲಿಲ್ಲ. ಕ್ಲಿಫರ್ಡ್ ಹಿತ್ತಲಲ್ಲಿ ನೆಂಟರಿಗೆ ಬಿಯರ್ ಸುರಿಯುತ್ತಿದ್ದ. ಅವಳು ಹಸಿರು ಏಪ್ರನ್ ಕಟ್ಟಿರಲಿಲ್ಲ, ಏನೂ ಹೇಳಿರಲಿಲ್ಲ. ಬಾಗಿಲು ಅರ್ಧ ತೆಗೆದಳು, ಅಣ್ಣನ ಕೆಂಪು ಬಳಿದ ಕೂದಲನ್ನೂ ಅತ್ತು ಕರಗಿದ ಕಣ್ಣಿನ ಕಪ್ಪನ್ನೂ ನೋಡಿದಳು, ಬಾಗಿಲು ಹಾಕಿದಳು. ಆಮೇಲೆ ಒಳಗೆ ಹೋಗಿ, ಎರಡು ಹೋಳು ಬ್ರೆಡ್ಡಿನ ನಡುವೆ ಮಾಂಸ ಇಟ್ಟು, ಕಾಗದದಲ್ಲಿ ಸುತ್ತಿ, ಟಪಾಲು ಹಾಕುವ ಸಂದಿಯಿಂದ ಹೊರಗೆ ತುರುಕಿದಳು. ಅದು ಸಂದಿಗೆ ದಪ್ಪವಾಗಿತ್ತು. ಅಂಗೈಯಲ್ಲಿ ಒತ್ತಿ ಚಪ್ಪಟೆ ಮಾಡಬೇಕಾಯಿತು. ಆಚೆಯಿಂದ ಬೆರಳುಗಳು ಅದನ್ನು ಮೆಲ್ಲಗೆ ಎಳೆದುಕೊಂಡವು. ರೈಲಿಗೆ ತಡವಾಯ್ತು ಮ್ಯೂರಿ, ಎಂದಿತು ಸಂದಿ. ಇದನ್ನೆಲ್ಲ ಅವನು ಟಿವಿಯವರಿಗೆ ಹೇಳಿರಲಿಲ್ಲ. ತನ್ನ ಬದುಕಿನ ಬಗ್ಗೆ ಬರೆದ ಪುಸ್ತಕದಲ್ಲಿ ಪೊಲೀಸರ ಲಾಠಿಯ ಬಗ್ಗೆ, ಹಸಿವಿನ ಬಗ್ಗೆ, ತನ್ನನ್ನು ಬಿಟ್ಟುಹೋದ ಗೆಳೆಯನ ಬಗ್ಗೆ ಎಲ್ಲವನ್ನೂ ಹೇಳಿದವನು ಆ ಬ್ರೆಡ್ಡಿನ ಬಗ್ಗೆ ಹೇಳಿರಲಿಲ್ಲ. ಚಿತ್ರದಲ್ಲಿ ಬೀದಿ ತುಂಬ ಮುಖಗಳನ್ನು ಇಟ್ಟುಕೊಟ್ಟದ್ದೂ ಅವನೇ ಇರಬಹುದು. ಈ ಬೀದಿಯಲ್ಲಿ ಹುಟ್ಟಿದವನಿಗೆ ಪರದೆಯ ವಿಷಯ ತಿಳಿಯದೆ ಇರುತ್ತದೆಯೇ? ತಂಗಿಗೆ ಒಂದು ನೆಪ ಇರಲಿ ಎಂದು. ನಿನ್ನೆ ರಾತ್ರಿ ಇದು ಹೊಳೆದಾಗಲೂ ಅವಳಿಗೆ ಅಳು ಬರಲಿಲ್ಲ.

ಚಿತ್ರ ಮುಗಿದಮೇಲೆ ನಟ ಹೋಗಿ ನಿಜವಾದ ವಿಲ್ಫ್ ಬಂದಿದ್ದ, ಒಂದು ಕುರ್ಚಿಯಲ್ಲಿ ಕೂತು. ಮುಖ ಅಮ್ಮನದೇ ಆಗಿಬಿಟ್ಟಿತ್ತು, ಗಲ್ಲ ಇಳಿದು. ಊರಿಗೆ ಹೋಗುತ್ತೀರಾ ಎಂದು ಯಾರೋ ಕೇಳಿದರು. "ತಂಗಿಗೊಬ್ಬಳು ಮಗಳಿದಾಳೆ. ನಾನು ನೋಡಿಲ್ಲ. ಒಂದು ಸಲ ಹೋಗಬೇಕು," ಎಂದ. "ಈಗ ಕಾನೂನೇ ಬದಲಾಗಿ ನನ್ನನ್ನ ಬಿಟ್ಟುಬಿಟ್ಟಿದೆ. ತಂಗಿ ಏನು ಮಾಡ್ತಾಳೋ," ಎಂದು ನಕ್ಕ. ಮೆಟ್ಟಿಲ ಮೇಲಿನ ಮೊಣಕಾಲುಗಳು ಆಗ ಎದ್ದು ನಿಂತಿದ್ದವು.

ಕಡುಬು ಒಲೆಯೊಳಗೆ ಹೋದಮೇಲೆ ಅವಳು ಮುಂಕೋಣೆಗೆ ಹೋದಳು. ಪರದೆ ತೆಗೆದುಬಿಟ್ಟರೆ ಆಯಿತು, ಮಾತೇ ಬೇಡ, ಬೀದಿಗೆ ಅರ್ಥವಾಗುತ್ತದೆ. ಬಟ್ಟೆಯ ಅಂಚು ಹಿಡಿದಳು. ಸಂದಿಯಲ್ಲಿ ಎದುರು ಮನೆ ಕಂಡಿತು. ಡಾಟ್ ತನ್ನ ಪರದೆ ಎಳೆಯುತ್ತಿದ್ದಳು. ಅದರ ಪಕ್ಕದ ಮನೆಯದು ಆಗಲೇ ಎಳೆದಿತ್ತು. ಅದರಾಚೆಯದೂ. ಮೂಲೆಯಿಂದ ಬಂದ ಒಬ್ಬ ಮುದುಕ, ಚಿಕ್ಕಂದಿನಲ್ಲಿ ವಿಲ್ಫ್‌ನನ್ನು 'ಮಿಸ್ಸಿ', ಹುಡುಗಿ, ಎಂದು ಕೂಗಿ ಕಲ್ಲು ಬೀರಿದವರಲ್ಲಿ ಒಬ್ಬ, ಅವಳ ಮನೆಯ ಮುಂದೆ ನಿಂತು ಟೋಪಿ ತೆಗೆದು, ಬೋಳು ತಲೆಯನ್ನು ಚಳಿಗೆ ಒಡ್ಡಿ, ಮತ್ತೆ ಟೋಪಿ ಇಟ್ಟುಕೊಂಡು ಹೋದ. ವಿಲ್ಫ್‌ನಿಗಾಗಿ ಒಂದು ಟೋಪಿ. ಐವತ್ತು ವರ್ಷ ಬದುಕಿ, ಏಟು ತಿಂದು, ಕೋರ್ಟಿನಲ್ಲಿ ನಿಂತು, ಟಿವಿಯಲ್ಲಿ ಬಂದು ಅವನಿಗೆ ಸಿಗದಿದ್ದುದು ಮನೆಯಿಂದ ಮನೆಗೆ, ಪರದೆಯಿಂದ ಪರದೆಗೆ ಬೀದಿಯ ಉದ್ದಕ್ಕೂ ಬರುತ್ತಿತ್ತು. ಅದನ್ನು ತಡೆಯಲು ಅವಳ ಕೈ ಏಳಲಿಲ್ಲ. ಇನ್ನೆರಡು ಮನೆ ಎಳೆಯಲಿ, ಆಮೇಲೆ ಹೇಳುತ್ತೇನೆ ಎಂದುಕೊಂಡಳು. ಎರಡು ಮನೆ ಎಳೆದವು. ಇನ್ನೆರಡು. ಕಡುಬು ಸೀಯುವ ವಾಸನೆ ಬಂದಾಗಲೇ ಅವಳು ಕದಲಿದ್ದು.

ಮಧ್ಯಾಹ್ನ ಕ್ಲಿಫರ್ಡ್ ಹಿತ್ತಲಿಂದ ಬಂದ. ಟೋಪಿ ಕೈಯಲ್ಲಿತ್ತು. "ಮೇಸ್ತ್ರಿ ಕಳಿಸಿಬಿಟ್ಟ," ಎಂದ. "ಟೆಲಿಗ್ರಾಮು ಬಂತಾ? ಯಾವಾಗ ತಿಳೀತು?"

"ಏನೂ ಬಂದಿಲ್ಲ. ಅವನು ಸತ್ತಿಲ್ಲ ಕ್ಲಿಫ್. ನಾನು ಪರದೆ ತೆಗೀಲಿಲ್ಲ, ಅಷ್ಟೆ. ನೆಲ್ಲಿ ಬಂದ್ಲು. ನನಗೆ ಅಳು ಬಂತು."

ಕ್ಲಿಫರ್ಡ್ ಕೂತ. ಕೂಗಾಡುತ್ತಾನೆಂದು ಅವಳು ಕಾದಳು. ಕೂಗಿದ್ದರೆ ಅವಳೇ ಓಡಿಹೋಗಿ ಪರದೆ ಕಿತ್ತೆಸೆಯುತ್ತಿದ್ದಳೋ ಏನೋ. ಅವನು ಮೇಜಿನ ಮೇಲಿನ ಹಿಟ್ಟಿನ ಪುಡಿಯನ್ನು ಬೆರಳಿನಿಂದ ಒಂದು ಕಡೆಗೆ ಗುಡಿಸಿದ.

"ಬೆಳಿಗ್ಗೆ ಹೋಗೋ ಹೊತ್ತಿಗೆ ನನ್ನ ಯಂತ್ರದ ಮೇಲೆ ಲಿಪ್‌ಸ್ಟಿಕ್ ಇಟ್ಟಿದ್ರು. ನಾನು ಅದನ್ನ ಮುಟ್ಟದೆ ಎರಡು ಗಂಟೆ ಕೆಲಸ ಮಾಡಿದೆ. ಆಮೇಲೆ ಸುದ್ದಿ ಬಂತು. ಇಟ್ಟವನೇ ಬಂದು ತೆಗೆದುಕೊಂಡು ಹೋದ. ಕೈ ಕುಲುಕಿದ. ಕಣ್ಣಲ್ಲಿ ನೀರಿತ್ತು ಅವನಿಗೆ, ಬೋಳಿಮಗ." ಅವನು ತಲೆಯೆತ್ತಿದ. "ಈಗ ನಾನು ಹೋಗಿ ಏನು ಹೇಳ್ಲಿ? ಸತ್ತಿಲ್ಲವಂತೆ, ತಗೊಳ್ರಪ್ಪ, ಲಿಪ್‌ಸ್ಟಿಕ್ ವಾಪಸ್ ಇಡಿ ಅಂತಾನಾ?"

"ಅವನು ಬರ್ತೀನಿ ಅಂದ, ನಿನ್ನೆ. ಕೇಳಿಸ್ಕೊಂಡೆಯಲ್ಲ."

"ಟಿವಿಯಲ್ಲಿ ಎಲ್ರೂ ಏನೇನೋ ಅಂತಾರೆ."

"ಬಂದುಬಿಟ್ರೆ?"

"ಬಂದ್ರೆ ನೀನು ಬಾಗಿಲು ತೆಗೀತೀಯಾ?" ಎಂದು ಕೇಳಿದ ಕ್ಲಿಫರ್ಡ್. ಚುಚ್ಚಲು ಕೇಳಿದ್ದಲ್ಲ. ಮಳೆ ಬರುತ್ತಾ ಎಂದು ಕೇಳುವಂತೆ, ಗೊತ್ತಿಲ್ಲದ್ದನ್ನು ಕೇಳುವಂತೆ ಕೇಳಿದ. ಅವಳು ಕಡುಬಿನ ತಟ್ಟೆಯನ್ನು ಅವನ ಮುಂದೆ ಸರಿಸಿದಳು. "ಇರಲಿ ಬಿಡು," ಎಂದ ಅವನು, ಬೂಟಿನ ಲಾಡಿ ಬಿಚ್ಚುತ್ತ. "ಇಷ್ಟು ವರ್ಷದಲ್ಲಿ ಅವನು ನಮಗೆ ಮಾಡಿದ ಮೊದಲನೇ ಉಪಕಾರ ಇದು."

ಲಿಂಡ್ಸಿ ಮೇಜಿನ ಆಚೆ ಕೂತು ಕಡುಬು ತಿನ್ನುತ್ತಿದ್ದಳು. ಸೀದ ಅಂಚನ್ನು ಬಿಡಿಸಿ ತಟ್ಟೆಯ ಸುತ್ತ ಸಾಲಾಗಿ ಜೋಡಿಸುತ್ತಿದ್ದಳು. ತಂದೆಯನ್ನು ನೋಡಿದಳು, ತಾಯಿಯನ್ನು ನೋಡಿದಳು. ಬಾಯಿ ತೆರೆದಳು. "ತಿನ್ನು," ಎಂದಳು ಮ್ಯೂರಿಯಲ್, ಬೇಗ.

ಸಂಜೆಗೆ ಮೊದಲೇ ಅವರು ಬಂದರು, ಮುಂಬಾಗಿಲಿನಿಂದ. ನೆಲ್ಲಿ, ಡಾಟ್, ಇಗರ್ಜಿಯ ಇನ್ನಿಬ್ಬರು ಹೆಂಗಸರು. ಕ್ಲಿಫರ್ಡ್ ಪಾರಿವಾಳಗಳಿಗೆ ಕಾಳು ಹಾಕುವ ನೆಪದಲ್ಲಿ ಹಿತ್ತಲು ಸೇರಿದ. ಮುಂಕೋಣೆಯಲ್ಲಿ ಹಗಲಲ್ಲೇ ದೀಪ ಹಚ್ಚಿ, ಅಮ್ಮ ಸತ್ತಮೇಲೆ ಹೊರಗೆ ತೆಗೆಯದಿದ್ದ ಒಳ್ಳೆಯ ಬಟ್ಟಲುಗಳನ್ನು ತೊಳೆದು ಮ್ಯೂರಿಯಲ್ ಚಹಾ ಸುರಿದಳು. ಅವರು ವಿಲ್ಫ್‌ನ ಮಾತು ತೆಗೆದರು, ಒಬ್ಬೊಬ್ಬರಾಗಿ. ಯುದ್ಧದ ಕಾಲದಲ್ಲಿ ಬಾಂಬು ಬೀಳುವಾಗ ನೆಲಮಾಳಿಗೆಯಲ್ಲಿ ಮಕ್ಕಳ ಜಡೆ ಹೆಣೆದು ಅಳು ನಿಲ್ಲಿಸುತ್ತಿದ್ದನಂತೆ. ಡಾಟ್‌ಳ ತಾಯಿಗೆ ಕಾಯಿಲೆಯಿಂದ ಕೂದಲು ಉದುರಿದಾಗ ಯಾರಿಗೂ ಹೇಳದೆ ಲಂಡನ್ನಿನಿಂದ ಒಂದು ಕೂದಲ ಟೋಪಿ ಕಳಿಸಿದ್ದನಂತೆ, ಅದನ್ನು ಹಾಕಿಕೊಂಡೇ ಆಕೆ ಮಣ್ಣಿಗೆ ಹೋದಳಂತೆ.

"ನಾನು ಥ್ಯಾಂಕ್ಸ್ ಅಂತ ಒಂದು ಕಾರ್ಡೂ ಹಾಕಲಿಲ್ಲ," ಎಂದಳು ಡಾಟ್. ಮೂಗು ಒರೆಸಿಕೊಂಡಳು. "ನಮ್ಮನೆಯವರು ಏನಂತಾರೋ ಅಂತ ಭಯ. ಬೆಳಿಗ್ಗೆ ಹಾಲಿನವನ ಹತ್ರ ಏನೋ ಜೋಕು ಬೇರೆ ಮಾಡಿದೆ, ಮ್ಯೂರಿಯಲ್. ನನ್ನ ನಾಲಿಗೆ ಸೀದುಹೋಗ್ಲಿ."

ಮ್ಯೂರಿಯಲ್‌ಗೆ ತಿಳಿಯದ ಅಣ್ಣನೊಬ್ಬ ಬಟ್ಟಲುಗಳ ನಡುವೆ ಬಂದು ಕೂತಿದ್ದ. ಬದುಕಿರುವವನಿಗೆ ಇವರು ಈ ಒಂದು ಮಾತನ್ನೂ ಹೇಳುತ್ತಿರಲಿಲ್ಲ. ಈಗ ನಿಜ ಹೇಳಿದರೆ ಆಡಿದ್ದನ್ನೆಲ್ಲ ಹಿಂದಕ್ಕೆ ತೆಗೆದುಕೊಳ್ಳುತ್ತಾರೆ. ತಮ್ಮಿಂದ ಇಷ್ಟು ಪ್ರೀತಿ ಮೋಸದಿಂದ ಕಿತ್ತುಕೊಂಡನೆಂದು ಅವನನ್ನು ಮೊದಲಿಗಿಂತ ಹೆಚ್ಚು ದ್ವೇಷಿಸುತ್ತಾರೆ. ಹೇಳದಿದ್ದರೆ ಅವನು ಇನ್ನೆಂದೂ ಈ ಬೀದಿಗೆ ಬರುವಂತಿಲ್ಲ. ಎರಡೂ ಹಗಲಿನಷ್ಟು ಸ್ಪಷ್ಟವಾಗಿ ಕಾಣುತ್ತಿದ್ದವು, ಎರಡರ ನಡುವೆ ಅವಳು ಕೆಟಲು ಹಿಡಿದು ನಿಂತಿದ್ದಳು.

"ಮನೆಗೇ ತರಿಸು ಅವನನ್ನ," ಎಂದಳು ನೆಲ್ಲಿ, ಅವಳ ಮಣಿಕಟ್ಟು ಹಿಡಿದು. "ಅಲ್ಲಿ ಯಾರಿದಾರೆ ಅವನಿಗೆ? ಇಲ್ಲಿ ಈ ಕೋಣೆಯಲ್ಲೇ ಇಟ್ಕೊಳೋಣ, ನಿಮ್ಮಮ್ಮನ್ನ ಇಟ್ಟ ಹಾಗೆ. ಹೆರಾಲ್ಡ್ ಒಂದು ಹೆಗಲು ಕೊಡ್ತಾರೆ. ಇಡೀ ಬೀದಿ ಹಿಂದೆ ನಡೀತೀವಿ. ಯಾರಾದ್ರೂ ಒಂದು ಮಾತಾಡ್ಲಿ, ನಾನು ನೋಡ್ಕೋತೀನಿ. ಯಾವಾಗ ತರ್ತಾರೆ?"

ನಾಲ್ಕು ಮುಖಗಳು ಅವಳ ಕಡೆ ತಿರುಗಿದವು, ಒದ್ದೆ ಕಣ್ಣುಗಳ ಒಳ್ಳೆಯ ಮುಖಗಳು. ಅತ್ತದ್ದು ಮಾತಲ್ಲ, ಸುಮ್ಮನಿದ್ದದ್ದು ಮಾತಲ್ಲ. ಇದುವರೆಗೂ ಅವಳು ಏನನ್ನೂ ಹೇಳಿರಲಿಲ್ಲ.

"ತರೋದಿಲ್ಲ," ಎಂದಳು ಮ್ಯೂರಿಯಲ್. ದನಿ ಸರಾಗವಾಗಿ ಬಂತು, ಬೆಳಗಿನಿಂದ ಅಲ್ಲೇ ಕಾದು ಕೂತಿದ್ದಂತೆ. "ಅಲ್ಲೇ ಮುಗಿಸ್ತಾರೆ. ಅವನ ಆಸೆ ಹಾಗಿತ್ತಂತೆ. ದಹನ. ಯಾರೂ ಬರೋದು ಬೇಡ ಅಂತ."

ಡಾಟ್ ಎದೆಯ ಮೇಲೆ ಕೈಯಿಟ್ಟುಕೊಂಡಳು. ಯಾರೋ ಆಮೆನ್ ಎಂದರು. ಆಗ ಬಾಗಿಲ ಬಳಿ ಲಿಂಡ್ಸಿ ನಿಂತಿರುವುದನ್ನು ಮ್ಯೂರಿಯಲ್ ಕಂಡಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಮಗು ಅಳುತ್ತಿರಲಿಲ್ಲ, ಸಿಟ್ಟಾಗಿರಲಿಲ್ಲ. ಅಮ್ಮನಿಗೆ ತಿಳಿದಿರುತ್ತದೆ ಎಂಬ ನಂಬಿಕೆಯಿಂದ, ಬೆಳಗಿನಿಂದ ಬಾಯೊಳಗೆ ಇಟ್ಟುಕೊಂಡಿದ್ದುದನ್ನು ಎಲ್ಲರಿಗೂ ಕೇಳುವಂತೆ ಕೇಳಿದಳು:

"ಅಮ್ಮ, ತಾನು ಸತ್ತುಹೋಗಿರೋದು ವಿಲ್ಫ್ ಮಾಮನಿಗೆ ಗೊತ್ತಾ?"